ಡ್ರಾಫ್ಟ್‌ಗೆ ಮಾರ್ಕ್ಸ್ ಹಾಕುವ ಮುನ್ನ ಇಷ್ಟು ನೋಡಿ

ಅಮೆರಿಕದ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಮುಗಿದ ಮಾರನೇ ದಿನವೇ 32 ತಂಡಗಳಿಗೂ ಮಾರ್ಕ್ಸ್ ಬಿದ್ದಿರುತ್ತವೆ. ಆರಿಸಿಕೊಂಡ ಹುಡುಗರಲ್ಲಿ ಒಬ್ಬನೂ ಇನ್ನೂ ಮೈದಾನಕ್ಕೆ ಇಳಿದಿರುವುದಿಲ್ಲ! 2012ರಲ್ಲಿ ಸಿಯಾಟಲ್ ಸೀಹಾಕ್ಸ್ ತಂಡಕ್ಕೆ ಕೆಲವರು ಫೇಲ್ ಮಾರ್ಕ್ಸೇ ಕೊಟ್ಟಿದ್ದರು. 2014ರ ಫೆಬ್ರವರಿಯಲ್ಲಿ ಅದೇ ತಂಡ ಡೆನ್ವರ್ ಬ್ರಾಂಕೋಸ್ ಅನ್ನು 43-8ರಿಂದ ಸೋಲಿಸಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು. ಹಾಗಾದರೆ ಡ್ರಾಫ್ಟ್ ಅನ್ನು ನಾವೇ ಅಳೆಯುವುದು ಹೇಗೆ?

ಮೊದಲು ಸರದಿಯ ನಂಬರ್ ಬರೆದುಕೊಳ್ಳಿ. ಇದು ಐಪಿಎಲ್ ಹರಾಜಿನ ಹಾಗಲ್ಲ, ಜಾಸ್ತಿ ದುಡ್ಡು ಕೂಗಿದವರಿಗೆ ಆಟಗಾರ ಸಿಗುವುದಿಲ್ಲ. ತಮ್ಮ ಸರದಿ ಬಂದಾಗ ಉಳಿದಿರುವವರಲ್ಲಿ ಒಬ್ಬನನ್ನು ಆರಿಸಬೇಕು. ಏಳು ಸುತ್ತು, ಸುಮಾರು 260 ಆಯ್ಕೆ. ಆದ್ದರಿಂದ ಹುಡುಗ ಚೆನ್ನಾಗಿ ಆಡುತ್ತಾನಾ ಅಂತ ಮಾತ್ರ ಕೇಳಿದರೆ ಸಾಲದು, ಆ ನಂಬರಿಗೆ ಅವನು ಲಾಭವಾ ಅಂತ ಕೇಳಬೇಕು. ಸೀಹಾಕ್ಸ್ 15ನೇ ಸರದಿಯಲ್ಲಿ ಬ್ರೂಸ್ ಇರ್ವಿನ್, 47ರಲ್ಲಿ ಬಾಬಿ ವ್ಯಾಗ್ನರ್, 75ರಲ್ಲಿ ರಸೆಲ್ ವಿಲ್ಸನ್‌ನನ್ನು ತೆಗೆದುಕೊಂಡಿತು. ಬೈಗುಳ ಜಾಸ್ತಿ ಬಿದ್ದದ್ದು ಇರ್ವಿನ್ ಆಯ್ಕೆಗೆ. ಅವನು ಮೊದಲ ವರ್ಷವೇ 8 ಸ್ಯಾಕ್ ಮಾಡಿದ (ಅಂದರೆ ಚೆಂಡು ಎಸೆಯುವ ಎದುರಾಳಿಯನ್ನು ಎಸೆಯುವ ಮುನ್ನವೇ ಕೆಡವಿದ), ಆದರೂ 15ನೇ ನಂಬರಿಗೆ ಅವನು ಪರವಾಗಿಲ್ಲ ಅನ್ನಬಹುದು, ಅಷ್ಟೇ. ನಿಜವಾದ ಲಾಭ ಕೆಳಗಿನ ಇಬ್ಬರಲ್ಲಿತ್ತು.

ಮುಂದಿನದು, ಆ ಇಬ್ಬರು ಅಲ್ಲಿಯವರೆಗೆ ಯಾಕೆ ಉಳಿದರು ಅಂತ ಹುಡುಕಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಜ್ಜೆ ಇದು. ವಿಲ್ಸನ್ ಎತ್ತರ 6 ಅಡಿಗಿಂತ ಕಡಿಮೆ, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ ಅದು ಸಾಲದು ಅಂದರು. ವ್ಯಾಗ್ನರ್ ಆಡಿದ್ದು ಯೂಟಾ ಸ್ಟೇಟ್‌ನಲ್ಲಿ, ಅದರ ಪಂದ್ಯ ನೋಡುವವರೇ ಕಡಿಮೆ. ಸಾಲದ್ದಕ್ಕೆ ನ್ಯುಮೋನಿಯಾ ಬಂದು, ಇಂಡಿಯಾನಾಪೊಲಿಸ್‌ನಲ್ಲಿ ಡ್ರಾಫ್ಟ್‌ಗೆ ಮುನ್ನ ನಡೆಯುವ ಕಂಬೈನ್ ಎಂಬ ದೈಹಿಕ ಪರೀಕ್ಷೆಯೂ ತಪ್ಪಿತು. ಎತ್ತರ, ಚಿಕ್ಕ ಕಾಲೇಜು, ಕಾಯಿಲೆ. ಇವುಗಳಲ್ಲಿ ಯಾವುದೂ ಅವರ ಆಟದ ತಪ್ಪಲ್ಲ, ಅಲ್ವಾ? ವ್ಯಾಗ್ನರ್ ಮುಂದೆ ಸಿಯಾಟಲ್‌ನಲ್ಲೇ ಆರು ಸಲ, ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿಯಾದ ಆಲ್-ಪ್ರೊ ಮೊದಲ ತಂಡಕ್ಕೆ ಆಯ್ಕೆಯಾದ.

ಚಿಕ್ಕ ಕಾಲೇಜಿನ ಹುಡುಗನ ಅಂಕಿಅಂಶ ನೋಡಿ ಸುಮ್ನೆ ಮರುಳಾಗಬೇಡಿ, ಹಾಗಂತ ತಳ್ಳಿಹಾಕಲೂಬೇಡಿ. ಅವನ ಕಾಲೇಜು ದೊಡ್ಡ ಕಾಲೇಜಿನ ಎದುರು ಆಡಿದ ಪಂದ್ಯ ಹುಡುಕಿ ಪೂರ್ತಿ ನೋಡಿ. ಕೂಪರ್ ಕಪ್ ಈಸ್ಟರ್ನ್ ವಾಷಿಂಗ್ಟನ್ ಎಂಬ ಚಿಕ್ಕ ಕಾಲೇಜಿನವನು. 40 ಯಾರ್ಡ್ ಓಟಕ್ಕೆ 4.62 ಸೆಕೆಂಡ್ ತೆಗೆದುಕೊಂಡ, ಓಡಿ ಚೆಂಡು ಹಿಡಿಯುವ ರಿಸೀವರ್‌ಗೆ ಅದು ನಿಧಾನ. ಆದರೆ 2015ರಲ್ಲಿ ಆರೆಗನ್‌ನಂಥ ದೊಡ್ಡ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ 15 ಕ್ಯಾಚ್ ಹಿಡಿದು 246 ಯಾರ್ಡ್ ಗಳಿಸಿದ್ದ! ಸ್ಟಾಪ್‌ವಾಚ್ ಹೇಳದ್ದನ್ನು ಆ ಪಂದ್ಯ ಹೇಳಿತ್ತು. 2017ರಲ್ಲಿ ರ್‍ಯಾಮ್ಸ್ ಅವನನ್ನು 69ನೇ ಸರದಿಯಲ್ಲಿ ಪಡೆಯಿತು, 2021ರ ಸೀಸನ್‌ನಲ್ಲಿ ಕ್ಯಾಚ್, ಯಾರ್ಡ್, ಟಚ್‌ಡೌನ್ (ಚೆಂಡನ್ನು ಗೋಲ್ ಗೆರೆ ದಾಟಿಸುವುದು) ಮೂರರಲ್ಲೂ ಲೀಗ್‌ಗೇ ಅವನೇ ಮೊದಲಿಗ.

ಆಮೇಲೆ ಮೂರು ವರ್ಷ ಕಾಯಿರಿ. ಹೊಸಬರ ಒಪ್ಪಂದ ಸಾಮಾನ್ಯವಾಗಿ ನಾಲ್ಕು ವರ್ಷದ್ದು, ಸಂಬಳವನ್ನು ಸರದಿಯೇ ಹೆಚ್ಚುಕಮ್ಮಿ ತೀರ್ಮಾನಿಸುತ್ತದೆ. ಮೂರನೇ ಸುತ್ತಿನ ಸಂಬಳಕ್ಕೆ ವಿಲ್ಸನ್ ಆಡುತ್ತಿದ್ದುದರಿಂದ ಸೀಹಾಕ್ಸ್‌ಗೆ ಬೇರೆಯವರ ಮೇಲೆ ಖರ್ಚು ಮಾಡಲು ಜಾಗ ಉಳಿಯಿತು. ಹಾಗಾಗಿ ಯಾರು ಎಷ್ಟು ಪಂದ್ಯ ಆಡಿದರು ಅನ್ನುವುದರ ಪಕ್ಕದಲ್ಲೇ ಎಷ್ಟು ಸಂಬಳಕ್ಕೆ ಆಡಿದರು ಅಂತಲೂ ಬರೆದುಕೊಳ್ಳಿ. ಮೇಲಿನ ಸರದಿ ವ್ಯರ್ಥವಾದದ್ದನ್ನೂ ಬಿಡಬೇಡಿ. 2007ರಲ್ಲಿ ರೈಡರ್ಸ್ ಎಲ್ಲರಿಗಿಂತ ಮೊದಲು ಆರಿಸಿದ ಜಮಾರ್ಕಸ್ ರಸೆಲ್‌ನನ್ನು 2010ರಲ್ಲಿ ಕೈಬಿಟ್ಟಿತು.

ಕೊನೆಗೆ, ಡ್ರಾಫ್ಟ್ ಪಟ್ಟಿಯಲ್ಲೇ ಇಲ್ಲದವರನ್ನೂ ಲೆಕ್ಕಕ್ಕೆ ಸೇರಿಸಿ. ಏಳೂ ಸುತ್ತು ಮುಗಿದ ಮೇಲೆ ಯಾರಿಗೂ ಬೇಡವಾಗಿ ಉಳಿದವರನ್ನು ತಂಡಗಳು ನೇರವಾಗಿ ಕರೆಯುತ್ತವೆ. ಒಂದು ತಂಡದ ಹುಡುಕುವ ಕಣ್ಣು ಎಷ್ಟು ಚುರುಕು ಅಂತ ಗೊತ್ತಾಗುವುದು ಇಲ್ಲೇ. 2014ರಲ್ಲಿ ವೆಸ್ಟ್ ಅಲಬಾಮಾದ ಮಾಲ್ಕಮ್ ಬಟ್ಲರ್‌ನನ್ನು ಯಾರೂ ಆರಿಸಲಿಲ್ಲ. ಪೇಟ್ರಿಯಟ್ಸ್ ಒಂದು ಟ್ರಯಲ್ ಕೊಟ್ಟು ಸೇರಿಸಿಕೊಂಡಿತು. ಮುಂದಿನ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ, ಗೋಲ್ ಗೆರೆಯ ಹತ್ತಿರ, ಇನ್ನೇನು ಸೀಹಾಕ್ಸ್ ಗೆದ್ದೇಬಿಟ್ಟಿತು ಅನ್ನುವಾಗ ವಿಲ್ಸನ್ ಎಸೆದ ಚೆಂಡನ್ನು ಮಧ್ಯೆ ನುಗ್ಗಿ ಹಿಡಿದವನು ಅದೇ ಬಟ್ಲರ್.