ಕೆಂಪು ಕಡತದ ಮೊದಲ ಸಾಲು

ಪರಮಾಣು ವಿದ್ಯುತ್ ಸ್ಥಾವರವೊಂದರ ಸಾರ್ವಜನಿಕ ಸಂಪರ್ಕ ವಿಭಾಗಕ್ಕೆ ನಾನು ವರ್ಗವಾಗಿ ಬಂದ ದಿನ ನನ್ನ ಕೈಗೆ ಒಪ್ಪಿಸಿದ ಸಾಮಾನುಗಳಲ್ಲಿ ಕೆಂಪು ರಟ್ಟಿನ ಕಡತವೊಂದಿತ್ತು. ತುರ್ತು ಪರಿಸ್ಥಿತಿ ಎದುರಾದರೆ ಪತ್ರಿಕೆ, ಆಕಾಶವಾಣಿ, ದೂರದರ್ಶನಗಳಿಗೆ ಕೊಡಬೇಕಾದ ಹೇಳಿಕೆಯ ನಮೂನೆ ಅದರೊಳಗಿತ್ತು. ದಿನಾಂಕಕ್ಕೆ, ಸಮಯಕ್ಕೆ, ಘಟಕದ ಸಂಖ್ಯೆಗೆ, ಏನಾಯಿತು ಎಂಬುದಕ್ಕೆ ಖಾಲಿ ಜಾಗ ಬಿಟ್ಟಿದ್ದರು. ಮೊದಲ ಸಾಲು ಮಾತ್ರ ಆಗಲೇ ಅಚ್ಚಾಗಿತ್ತು: ‘ಸಾರ್ವಜನಿಕರು ಆತಂಕಪಡುವ ಅಗತ್ಯವಿಲ್ಲ.’

ಆ ಸಾಲಿನ ಬಗ್ಗೆ ನನಗೆ ಆಗ ಯಾವ ತಕರಾರೂ ಇರಲಿಲ್ಲ. ನಿಯಂತ್ರಣ ಕೊಠಡಿಯಲ್ಲಿ ವರ್ಷಗಟ್ಟಲೆ ಪಾಳಿ ಕೆಲಸ ಮಾಡಿ ಬಂದವನು ನಾನು. ಯಂತ್ರದ ಮೇಲೆ, ಅದನ್ನು ನಡೆಸುವವರ ಮೇಲೆ ನನಗೆ ನಂಬಿಕೆ ಇತ್ತು, ಈಗಲೂ ಇದೆ. ಆ ನಂಬಿಕೆಯನ್ನು ಬೇಲಿಯಾಚೆಯ ಜನರಿಗೆ ಒಂದೇ ಸಾಲಿನಲ್ಲಿ ದಾಟಿಸಬಹುದು ಎಂದುಕೊಂಡಿದ್ದೆ. ನಾನು ಕೆಲಸ ಮಾಡಿದ ಸ್ಥಾವರ ಕರ್ನಾಟಕದ ಹೊರಗೆ, ಸಮುದ್ರದ ದಂಡೆಯಲ್ಲಿದೆ. ಅದರ ಹೆಸರು ಇಲ್ಲಿ ಬೇಡ.

ಮೊದಲ ಪೆಟ್ಟು ಬಿದ್ದದ್ದು ಕಾರವಾರದಿಂದ. 2009ರ ನವೆಂಬರ್ ಕೊನೆಯಲ್ಲಿ ಅಲ್ಲಿರುವ ನನ್ನ ಸೋದರತ್ತೆ ಫೋನ್ ಮಾಡಿದರು. ಕೈಗಾ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರ್ ಒಂದರಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಸೇರಿಕೊಂಡು, 50ಕ್ಕೂ ಹೆಚ್ಚು ನೌಕರರ ದೇಹಕ್ಕೆ ಅದು ಹೋಗಿತ್ತು. ವಾಡಿಕೆಯಂತೆ ನಡೆಸುವ ಮೂತ್ರ ಪರೀಕ್ಷೆಯಲ್ಲಿ ನವೆಂಬರ್ 24ರಂದು ವಿಷಯ ಗೊತ್ತಾಗಿತ್ತು; ಸುದ್ದಿ ಊರಿಗೆ ಮುಟ್ಟಿದ್ದು ಆ ವಾರದ ಕೊನೆಗೆ. ರಿಯಾಕ್ಟರ್‌ನಲ್ಲಿ ದೋಷವಿಲ್ಲ, ಆವರಣದ ಹೊರಗೆ ಏನೂ ಸೋರಿಲ್ಲ ಎಂದು ಅಧಿಕಾರಿಗಳು ಹೇಳಿದ್ದರು. ಅದು ನಿಜವೂ ಆಗಿತ್ತು. ಅತ್ತೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಕಾಳಿ ಹೊಳೆಯ ಮೀನು ತಿನ್ನಬಹುದೇ?’ ಟ್ರಿಟಿಯಂ ಎಂದರೇನು, ಅದರ ಅರ್ಧಾಯುಷ್ಯ 12 ವರ್ಷವಾದರೂ ದೇಹದಿಂದ ಸುಮಾರು ಹತ್ತು ದಿನಗಳಲ್ಲಿ ಅರ್ಧದಷ್ಟು ಹೇಗೆ ಹೊರಹೋಗುತ್ತದೆ ಎಂದೆಲ್ಲ ನಾನು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ‘ಹಾಗಾದರೆ ತಿನ್ನಬಹುದೋ, ಬೇಡವೋ?’ ಎಂದರು. ತಿನ್ನಬಹುದು ಎಂದೆ. ಆ ಒಂದು ಪದವನ್ನು ಮೊದಲೇ ಹೇಳಬಹುದಿತ್ತು ಎಂದು ಫೋನ್ ಇಟ್ಟ ಮೇಲೆ ಹೊಳೆಯಿತು.

ಒಂದೂವರೆ ವರ್ಷವೂ ಕಳೆದಿರಲಿಲ್ಲ, 2011ರ ಮಾರ್ಚ್ 11 ಬಂತು, ಜಪಾನಿನಲ್ಲಿ ಭೂಕಂಪ, ಸುನಾಮಿ. ಮರುದಿನ ಶನಿವಾರ. ಊಟದ ಡಬ್ಬಿಗಳನ್ನು ಹಾಗೆಯೇ ಬಿಟ್ಟು ನಾವೆಲ್ಲ ಕಚೇರಿಯ ಟಿವಿಯ ಮುಂದೆ ನಿಂತಿದ್ದೆವು. ಅಲ್ಲಿನ ಫುಕುಶಿಮಾ ದಾಯಿಚಿ ಪರಮಾಣು ಸ್ಥಾವರದ ಒಂದನೇ ಘಟಕದ ಕಟ್ಟಡದ ಮೇಲ್ಭಾಗ ಬಿಳಿ ಹೊಗೆಯಾಗಿ ಹಾರಿಹೋಯಿತು. ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಜಪಾನಿನ ಗಡಿಯಾರದಲ್ಲಿ ಆ ಸ್ಫೋಟವಾದದ್ದು ಮಧ್ಯಾಹ್ನ 3.36ಕ್ಕೆ. ಆ ದೇಶದ ಪ್ರಧಾನಿಯೂ ಅದನ್ನು ನಮ್ಮಂತೆ ಟಿವಿಯಲ್ಲಿಯೇ ನೋಡಿದರು. ಸ್ಥಾವರ ನಡೆಸುತ್ತಿದ್ದ ಟೆಪ್ಕೊ ಕಂಪನಿಯಿಂದ ಅವರಿಗೆ ಆಗಿನ್ನೂ ಸರಿಯಾದ ವಿವರ ಬಂದಿರಲಿಲ್ಲ. ಸ್ಫೋಟಿಸಿದ್ದು ಜಲಜನಕ, ಒಳಗಿನ ಉಕ್ಕಿನ ಕವಚ ಒಡೆದಿಲ್ಲ ಎಂದು ಸಂಪುಟದ ಮುಖ್ಯ ಕಾರ್ಯದರ್ಶಿ ಯುಕಿಯೊ ಎಡಾನೊ ಜನರಿಗೆ ವಿವರಿಸುವ ಹೊತ್ತಿಗೆ ರಾತ್ರಿ ಎಂಟೂವರೆ ದಾಟಿತ್ತು. ಐದು ಗಂಟೆಗಳ ಕಾಲ ಇಡೀ ಜಗತ್ತು ಆ ಚಿತ್ರವನ್ನು ಮತ್ತೆ ಮತ್ತೆ ನೋಡಿತು, ಅದರ ಅರ್ಥ ಹೇಳುವವರಿರಲಿಲ್ಲ. ಮನೆ ಬಿಡುವ ಆದೇಶವಾದರೋ ಹಿಂದಿನ ರಾತ್ರಿ 9.23ಕ್ಕೆ ಮೂರು ಕಿಲೋಮೀಟರಿಗೆ, ಬೆಳಗ್ಗೆ 5.44ಕ್ಕೆ ಹತ್ತಕ್ಕೆ, ಸಂಜೆ 6.25ಕ್ಕೆ ಇಪ್ಪತ್ತಕ್ಕೆ ಹಿಗ್ಗುತ್ತಾ ಹೋಯಿತು. ಮೂರು ಸಲ ಗಂಟು ಕಟ್ಟಿದ ಕುಟುಂಬಗಳಿದ್ದವು. ನಾಳೆ ಇನ್ನೆಷ್ಟು ದೂರ ಎಂದು ಅವರು ಯಾರನ್ನು ಕೇಳಬೇಕಿತ್ತು?

ಆ ದಿನಗಳಲ್ಲಿ ಜಪಾನಿನ ಹೇಳಿಕೆಗಳಲ್ಲಿ ಪದೇ ಪದೇ ಬರುತ್ತಿದ್ದ ಮಾತೊಂದಿದೆ: ‘ತಕ್ಷಣಕ್ಕೆ ಆರೋಗ್ಯದ ಮೇಲೆ ಪರಿಣಾಮವಿಲ್ಲ.’ ಬರೆದವರ ದೃಷ್ಟಿಯಲ್ಲಿ ಅದು ಎಚ್ಚರಿಕೆಯಿಂದ ತೂಗಿ ಇಟ್ಟ ಸಾಲು. ಮಗುವನ್ನು ಎತ್ತಿಕೊಂಡ ತಾಯಿಯ ಕಿವಿಗೆ ‘ತಕ್ಷಣಕ್ಕೆ’ ಎಂಬ ಒಂದು ಪದ ಮಾತ್ರ ಬಿದ್ದಿತು. ಹಾಗಾದರೆ ಆಮೇಲೆ? ನನ್ನ ಕಡತದ ಮೊದಲ ಸಾಲನ್ನು ನಾನು ಆಕೆಯ ಕಿವಿಯಿಂದ ಕೇಳಿಸಿಕೊಂಡದ್ದು ಆಗಲೇ.

ಇಂಧನ ಕರಗಿದೆ ಎಂಬುದನ್ನು ಟೆಪ್ಕೊ ಒಪ್ಪಿಕೊಂಡದ್ದು ಎರಡು ತಿಂಗಳ ನಂತರ, ಮೇ ತಿಂಗಳಲ್ಲಿ. ‘ಕರಗುವಿಕೆ’ ಎಂಬ ಪದವನ್ನು ಬಳಸಬೇಡಿ ಎಂದು ಅಂದಿನ ಅಧ್ಯಕ್ಷ ಮಸತಾಕ ಶಿಮಿಜು ಅಪಘಾತದ ಮೊದಲ ದಿನಗಳಲ್ಲಿಯೇ ಸೂಚಿಸಿದ್ದರು ಎಂಬುದು 2016ರಲ್ಲಿ ಹೊರಬಂತು. ಕಂಪನಿ ಕ್ಷಮೆ ಕೇಳಿತು. ಇಂಧನಕ್ಕೆ ಶೇ 5ಕ್ಕಿಂತ ಹೆಚ್ಚು ಹಾನಿಯಾದರೆ ಅದನ್ನು ಕರಗುವಿಕೆ ಎಂದೇ ಕರೆಯಬೇಕೆಂದು ಅವರದೇ ಕೈಪಿಡಿಯಲ್ಲಿ ಬರೆದಿತ್ತು. ಸರಿಯಾದ ಪದ ಕಪಾಟಿನಲ್ಲಿಯೇ ಇತ್ತು, ಬಾಯಿಗೆ ಬರಲು ಬಿಡಲಿಲ್ಲ. ಇದನ್ನು ಓದಿದಾಗ ನನಗಾದ ಸಂಕಟ ಇಂದಿಗೂ ಕಡಿಮೆಯಾಗಿಲ್ಲ. ನಮ್ಮ ವೃತ್ತಿಯವರು ಜೀವದ ಹಂಗು ತೊರೆದು ಆ ಕತ್ತಲ ಕಟ್ಟಡಗಳೊಳಗೆ ದುಡಿದಿದ್ದರು. ಒಂದು ಪದವನ್ನು ಅಡಗಿಸಿಟ್ಟದ್ದರಿಂದ ಅವರ ದುಡಿಮೆಯ ಮೇಲೂ ಜನರ ನಂಬಿಕೆ ಹೋಯಿತು.

ಮಾರ್ಚ್ ತಿಂಗಳ ಆ ರಾತ್ರಿಗಳಲ್ಲೊಂದು ದಿನ ಕೆಂಪು ಕಡತವನ್ನು ಮನೆಗೆ ಒಯ್ದೆ. ಮೊದಲ ಸಾಲನ್ನು ಪೆನ್ಸಿಲಿನಿಂದ ಹೊಡೆದು ಹಾಕಿದೆ. ಶಾಯಿಯಿಂದ ಹೊಡೆಯುವ ಅಧಿಕಾರ ನನಗಿರಲಿಲ್ಲ.

ಅದರ ಜಾಗದಲ್ಲಿ ಏನು ಬರೆಯಬೇಕು ಎಂಬುದು ಸುಲಭವಾಗಿ ತೀರ್ಮಾನವಾಗಲಿಲ್ಲ. ನಮ್ಮ ದೇಶದ ವ್ಯವಸ್ಥೆಯಲ್ಲಿ ತುರ್ತು ಪರಿಸ್ಥಿತಿಯನ್ನು ಮೂರಾಗಿ ನೋಡುತ್ತೇವೆ: ಸ್ಥಾವರದೊಳಗಿನದು, ಆವರಣದೊಳಗಿನದು, ಆವರಣದಾಚೆಯದು. ಮೂರನೆಯದಕ್ಕೆ ಸ್ಥಾವರದ ಸುತ್ತಲಿನ 16 ಕಿಲೋಮೀಟರ್ ಪ್ರದೇಶದ ಯೋಜನೆ ಸಿದ್ಧವಾಗಿರುತ್ತದೆ. ಆದರೆ ಜನರು ಮನೆ ಬಿಡಬೇಕು, ಥೈರಾಯ್ಡ್ ಗ್ರಂಥಿಯನ್ನು ಕಾಯುವ ಅಯೋಡಿನ್ ಮಾತ್ರೆ ನುಂಗಬೇಕು ಎಂದು ಆದೇಶಿಸುವವರು ಜಿಲ್ಲಾಧಿಕಾರಿ. ಏನಾಗಿದೆ, ಏನಾಗಬಹುದು ಎಂದು ಅವರಿಗೆ ಹೇಳುವುದು ನಮ್ಮ ಕೆಲಸ. ಅಲ್ಲಿಗೆ ಬಾಯಿ ಎರಡಾಯಿತು. 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಥ್ರೀ ಮೈಲ್ ಐಲೆಂಡ್ ಪರಮಾಣು ಸ್ಥಾವರದ ಅಪಘಾತದಲ್ಲಿ ಎಡವಿದ್ದೂ ಇಲ್ಲಿಯೇ. ಬೆಳಗ್ಗೆ ಉಪರಾಜ್ಯಪಾಲ ವಿಲಿಯಂ ಸ್ಕ್ರಾಂಟನ್ ಕಂಪನಿಯ ಮಾತನ್ನು ನಂಬಿ ಎಲ್ಲವೂ ಹಿಡಿತದಲ್ಲಿದೆ ಎಂದರು; ಸಂಜೆ ಅದೇ ಸ್ಕ್ರಾಂಟನ್, ಕಂಪನಿ ನಮಗೆ ಮೊದಲು ತಿಳಿಸಿದ್ದಕ್ಕಿಂತ ಪರಿಸ್ಥಿತಿ ಜಟಿಲವಾಗಿದೆ ಎನ್ನಬೇಕಾಯಿತು. ಆಮೇಲೆ ಪರಮಾಣು ನಿಯಂತ್ರಣ ಆಯೋಗದ ಹೆರಾಲ್ಡ್ ಡೆಂಟನ್ ಬಂದು, ತಾಂತ್ರಿಕ ಸಂಗತಿಗಳನ್ನು ಅವರೊಬ್ಬರೇ ಹೇಳತೊಡಗಿದ ಮೇಲೆ ಗದ್ದಲ ತಗ್ಗಿತು.

ಅದೇ ಅಪಘಾತದ ಮೂರನೇ ದಿನದ ಘಟನೆಯೊಂದನ್ನು ನಾನು ಪ್ರತಿ ತರಬೇತಿಯಲ್ಲಿಯೂ ಹೇಳುತ್ತೇನೆ. ಸ್ಥಾವರದ ಚಿಮಣಿಯ ಮೇಲೆ ಹಾರುತ್ತಿದ್ದ ಹೆಲಿಕಾಪ್ಟರ್ ವಿಕಿರಣವನ್ನು ಗಂಟೆಗೆ 1,200 ಮಿಲಿರೆಮ್ ಎಂದು ಅಳೆಯಿತು. ಅದೇ ಹೊತ್ತಿಗೆ ವಾಷಿಂಗ್ಟನ್ ಬಳಿಯ ಕಚೇರಿಯಲ್ಲಿ ಅಧಿಕಾರಿಯೊಬ್ಬರು, ಸೋರಿಕೆಯಾದರೆ ನೆಲದ ಮೇಲೆ ಎಷ್ಟಿರಬಹುದು ಎಂದು ಲೆಕ್ಕ ಹಾಕಿದ್ದರು. ಅವರಿಗೆ ಬಂದ ಉತ್ತರವೂ 1,200. ಚಿಮಣಿಯ ಮೇಲಿನ ಸಂಖ್ಯೆ ಎಲ್ಲಿ ಅಳೆದದ್ದು ಎಂಬ ವಿವರವಿಲ್ಲದೆ ಕಚೇರಿಗೆ ತಲುಪಿದಾಗ ಎರಡೂ ಒಂದೇ ಎಂದುಕೊಂಡರು. ಜನರನ್ನು ತೆರವುಗೊಳಿಸಿ ಎಂಬ ಸಲಹೆ ಹೊರಟಿತು. ಗೊಂದಲದ ನಡುವೆ ರಾಜ್ಯಪಾಲರು ಐದು ಮೈಲಿಯೊಳಗಿನ ಗರ್ಭಿಣಿಯರು, ಶಾಲೆಗೆ ಹೋಗದ ವಯಸ್ಸಿನ ಮಕ್ಕಳು ಹೊರಡುವುದು ಒಳ್ಳೆಯದು ಎಂದರು. ಹೊರಟವರು ಸುಮಾರು 1,40,000 ಜನ. ಫುಕುಶಿಮಾದಲ್ಲಿಯೂ ಮಾರ್ಚ್ 27ರಂದು ಎರಡನೇ ಘಟಕದ ನೀರಿನಲ್ಲಿ ವಿಕಿರಣ ಮಾಮೂಲಿಗಿಂತ ಒಂದು ಕೋಟಿ ಪಟ್ಟು ಎಂದು ಹೇಳಿ, ಅದೇ ದಿನ ತಪ್ಪಾಯಿತು, ಒಂದು ಲಕ್ಷ ಪಟ್ಟು ಎಂದರು. ಅಂದಿನಿಂದ ನನ್ನ ಮೇಜಿನಲ್ಲಿ ಒಂದು ಕಟ್ಟುಪಾಡು: ಎಲ್ಲಿ ಅಳೆದದ್ದು, ಎಷ್ಟು ಗಂಟೆಗೆ, ಯಾವ ಮಾನದಲ್ಲಿ ಎಂಬ ಮೂರೂ ಜೊತೆಗಿಲ್ಲದ ಸಂಖ್ಯೆ ಬಾಗಿಲು ದಾಟಬಾರದು. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲ ಚೀಟಿ ನೋಡಿ ಹೌದೆನ್ನಬೇಕು.

ಕೊನೆಗೆ ನಾನು ಬರೆದ ಮೊದಲ ಸಂದೇಶಕ್ಕೆ ನಾಲ್ಕೇ ಸಾಲು. ಈಗ ನೀವು ಏನು ಮಾಡಬೇಕು. ಏನಾಗಿದೆ. ನಮಗೆ ಇನ್ನೂ ಏನು ಗೊತ್ತಾಗಿಲ್ಲ. ಮತ್ತೆ ಎಷ್ಟು ಗಂಟೆಗೆ ಮಾತಾಡುತ್ತೇವೆ. ಅರ್ಧ ಗಂಟೆಯೊಳಗೆ ಹೊರಡಬೇಕು, ಹೇಳಿದ ಗಂಟೆಗೆ ಹೊಸದೇನೂ ಇಲ್ಲದಿದ್ದರೂ ಹೊಸದೇನೂ ಇಲ್ಲ ಎಂದು ಹೇಳಲೇಬೇಕು. ಮೂರನೇ ಸಾಲಿಗೆ ಬಂದ ವಿರೋಧ ಸಣ್ಣದಲ್ಲ. ‘ಗೊತ್ತಿಲ್ಲ ಎಂದು ನಾವೇ ಬರೆದು ಕೊಟ್ಟರೆ ನಾಳೆ ನ್ಯಾಯಾಲಯದಲ್ಲಿ ಏನು ಹೇಳುವುದು?’ ಎಂದು ಕಾನೂನು ವಿಭಾಗದವರು ಕೇಳಿದರು. ಎರಡು ವರ್ಷ ಆ ಕಾಗದ ಮೇಜಿನಿಂದ ಮೇಜಿಗೆ ಓಡಾಡಿತು. ಎಕ್ಸ್‌ರೇಗೆ, ವಿಮಾನ ಪ್ರಯಾಣಕ್ಕೆ ಹೋಲಿಸಿ ಸಮಾಧಾನ ಹೇಳುವ ಪರಿಪಾಠವನ್ನೂ ನಾನು ತೆಗೆಸಿದೆ. ಆ ಹೋಲಿಕೆ ಶಾಲೆಯ ತರಗತಿಯಲ್ಲಿ ಒಳ್ಳೆಯದು. ಬೇಡವೆಂದು ಹೇಳುವ ಅವಕಾಶವೇ ಇಲ್ಲದವನ ಮುಂದೆ, ತಾನಾಗಿ ಒಪ್ಪಿ ತೆಗೆಸಿಕೊಂಡ ಎಕ್ಸ್‌ರೇಯ ಮಾತಾಡಿದರೆ ಅವನಿಗೆ ಸಿಟ್ಟು ಬರುತ್ತದೆ, ಬರಬೇಕು ಕೂಡ.

ಹೊಸ ನಮೂನೆಯನ್ನು ಹಿಡಿದು ನಾವು ಮೊದಲ ಅಣಕು ಕಾರ್ಯಾಚರಣೆಗೆ ಹೊರಟೆವು. ಆವರಣದಾಚೆಯ ಅಭ್ಯಾಸ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಸ್ಥಾವರಕ್ಕೆ ಹತ್ತಿರದ ಮೀನುಗಾರರ ಊರು. ಜೀಪಿನ ಮೇಲೆ ಧ್ವನಿವರ್ಧಕ. ‘ಮನೆಯೊಳಗೆ ಇರಿ, ಕಿಟಕಿ ಬಾಗಿಲು ಮುಚ್ಚಿಕೊಳ್ಳಿ’ ಎಂಬುದು ನನ್ನ ಮೊದಲ ಸಾಲು, ‘ಇದು ಅಣಕು ಕಾರ್ಯಾಚರಣೆ’ ಎಂಬುದು ಕೊನೆಯ ಸಾಲು. ಕಡಲ ಗಾಳಿ ಜೋರಾಗಿತ್ತು. ಕೊನೆಯ ಸಾಲು ಬರುವಷ್ಟರಲ್ಲಿ ಜೀಪು ತಿರುವು ದಾಟಿರುತ್ತಿತ್ತು. ಹೆಂಗಸೊಬ್ಬರು ಒಲೆಯ ಮೇಲಿನ ಅನ್ನದ ಪಾತ್ರೆಯನ್ನು ಹಾಗೆಯೇ ಬಿಟ್ಟು, ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಬಸ್ ನಿಲ್ದಾಣದ ಕಡೆ ಓಡಿದರು. ನಾನು ಹಿಂದೆ ಓಡಿ ಅವರನ್ನು ತಡೆದು, ಇದು ಅಭ್ಯಾಸ ಮಾತ್ರ ಎಂದೆ. ಅವರು ನನ್ನ ಮುಖ ನೋಡಿದ ರೀತಿಯನ್ನು ಬರೆಯಲು ನನಗೆ ಬರುವುದಿಲ್ಲ. ಮಗುವಿನ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ ಇತ್ತು.

ಅವರನ್ನು ಮನೆಗೆ ಕರೆದುಕೊಂಡು ಹೋದೆ. ಹೋಗಿ ನೋಡಿದರೆ ಆ ಮನೆಗೆ ತೆಂಗಿನ ಗರಿಯ ಸೂರು, ಕಿಟಕಿಯ ಜಾಗದಲ್ಲಿ ಗೋಣಿಚೀಲ. ಮುಚ್ಚಿಕೊಳ್ಳಿ ಎಂದು ನಾನು ಹೇಳಿದ ಕಿಟಕಿ ಅಲ್ಲಿ ಇರಲೇ ಇಲ್ಲ. ಆ ಸಂಜೆ ದೇವಸ್ಥಾನದ ಕಟ್ಟೆಯ ಮೇಲೆ ಊರವರ ಜೊತೆ ಕುಳಿತೆವು. ಅವರು ಕೇಳಿದ ಪ್ರಶ್ನೆಗಳಲ್ಲಿ ಒಂದಕ್ಕೂ ನಮ್ಮ ಕಡತದಲ್ಲಿ ಉತ್ತರವಿರಲಿಲ್ಲ. ಆಡುಗಳನ್ನು ಏನು ಮಾಡುವುದು? ಬಾವಿ? ಒಣಗಲು ಹಾಕಿದ ಮೀನು? ಬೆಳಗಿನ ಜಾವವೇ ಹೊರಟು ಕಡಲ ಮೇಲಿರುವ ದೋಣಿಗಳಿಗೆ ಹೇಳುವವರು ಯಾರು?

ಸಂದೇಶವನ್ನು ಮತ್ತೆ ಬರೆದೆ. ಅಣಕು ಎಂಬುದು ಮೊದಲ ಪದವಾಯಿತು, ಪ್ರತಿ ಸಾಲಿನ ನಂತರವೂ ಬಂತು. ಗರಿಯ ಸೂರಿನವರಿಗೆ ‘ಶಾಲೆಯ ಕಟ್ಟಡಕ್ಕೆ ಬನ್ನಿ’ ಎಂದು ಬರೆದೆ. ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನೂ ಸೇರಿಸಿದೆ. ಆಡು ದನಗಳನ್ನು ಕಟ್ಟಿ ಹಾಕಿ, ಒಳಗಿಟ್ಟ ಮೇವನ್ನೇ ಕೊಡಿ, ನಾವು ಹೇಳುವವರೆಗೆ ಹಾಲು ಬಳಸಬೇಡಿ ಎಂಬ ಸಾಲು ಬಂತು. ವಿಕಿರಣಶೀಲ ಅಯೋಡಿನ್ ಹುಲ್ಲಿನ ಮೇಲೆ ಕೂರುತ್ತದೆ, ಹುಲ್ಲಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಥೈರಾಯ್ಡ್ ಗ್ರಂಥಿಗೆ ಹೋಗುತ್ತದೆ. ಇದನ್ನು ವಿವರಿಸಿದಾಗ ಒಬ್ಬರೂ ಗಾಬರಿಯಾಗಲಿಲ್ಲ. ಕಾರಣ ತಿಳಿದ ಮೇಲೆ ಮೇವಿಗೆ ಎಲ್ಲಿ ಸೂರು ಹಾಕುವುದು ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು.

ಹೇಳಿದ್ದನ್ನು ಹಿಂತೆಗೆದುಕೊಳ್ಳುವ ಸಂದೇಶವನ್ನು ಸೇರಿಸಿದ್ದು ತಡವಾಗಿ. 2020ರ ಜನವರಿ 12ರಂದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಮೊಬೈಲ್‌ಗಳಿಗೆಲ್ಲ ಬೆಳಗ್ಗೆ 7.23ಕ್ಕೆ ಪಿಕರಿಂಗ್ ಸ್ಥಾವರದಲ್ಲಿ ಘಟನೆಯೊಂದು ನಡೆದಿದೆ ಎಂಬ ತುರ್ತು ಸಂದೇಶ ತಪ್ಪಾಗಿ ಹೋಯಿತು. ಅದು ತಪ್ಪು ಎಂಬ ಸಂದೇಶ ಅದೇ ಮೊಬೈಲ್‌ಗಳಿಗೆ ತಲುಪಿದ್ದು 9.11ಕ್ಕೆ, 108 ನಿಮಿಷಗಳ ನಂತರ. ಈಗ ನಮ್ಮ ಕಡತದಲ್ಲಿ ಪ್ರತಿ ಸಂದೇಶದ ಬೆನ್ನ ಹಿಂದೆ ಅದನ್ನು ರದ್ದು ಮಾಡುವ ಸಂದೇಶವೂ ಸಿದ್ಧವಾಗಿ ಅಂಟಿಕೊಂಡಿರುತ್ತದೆ.

ದೋಣಿಗಳ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎಲ್ಲಕ್ಕಿಂತ ಕೊನೆಗೆ. ದಡಕ್ಕೆ ಬನ್ನಿ ಎಂದು ಬರೆದುಬಿಡುವುದು ಸುಲಭ. ಗಾಳಿ ಆ ದಡದ ಕಡೆಗೇ ಬೀಸುತ್ತಿದ್ದರೆ ನಾವೇ ಅವರನ್ನು ವಿಕಿರಣದೊಳಗೆ ಕರೆದಂತೆ. ಗಾಳಿಗೆ ತಕ್ಕಂತೆ ಉತ್ತರದ ಬಂದರಿಗೆ ಅಥವಾ ದಕ್ಷಿಣದ ಬಂದರಿಗೆ ಎಂದು ಎರಡು ಸಂದೇಶ ಸಿದ್ಧಪಡಿಸಿ, ದೋಣಿ ಮಾಲೀಕರ ಮೊಬೈಲ್ ಪಟ್ಟಿ ಮಾಡಿ, ಊರಿನ ಹಿರಿಯ ಮೀನುಗಾರರೊಬ್ಬರಿಗೆ ಓದಿ ತೋರಿಸಿದೆ. ‘ಉತ್ತರ ದಿಕ್ಕಿಗೆ ಚಲಿಸಿ’ ಎಂಬಲ್ಲಿ ಅವರು ಕೈ ಎತ್ತಿ ನಿಲ್ಲಿಸಿದರು. ಕಡಲ ಮೇಲೆ ನಾವು ಉತ್ತರ, ದಕ್ಷಿಣ ಎನ್ನುವುದಿಲ್ಲ, ದೀಪಸ್ತಂಭದ ಕಡೆಗೆ ಎನ್ನುತ್ತೇವೆ, ಹಾಗೆ ಬರೆಯಿರಿ ಎಂದರು. ಹಾಗೆಯೇ ಬರೆದೆ. ಈ ಸಲ ಪೆನ್ಸಿಲ್ ಬೇಕಾಗಲಿಲ್ಲ. ನಿರ್ದೇಶಕರು ಪಕ್ಕದಲ್ಲಿಯೇ ಕುಳಿತಿದ್ದರು, ತಮ್ಮ ಪೆನ್ನನ್ನು ಕೊಟ್ಟರು.