ಒಬ್ಬನೇ ಹಾಯಿದೋಣಿಲಿ ಇರೋವಾಗ ನಾನು ಮಲಗೋದು ಹೆಂಗೆ

ದಾವಣಗೆರೆಗೆ ಬಂದಾಗೆಲ್ಲ ಎಲ್ರೂ ಕೇಳೋದು ಇದನ್ನೇ, ನಮ್ಮ ದೊಡ್ಡಪ್ಪ ಅಂತೂ "ನೀನು ಮಲ್ಕಂಡ್ರೆ ಬೋಟು ಯಾರು ನಡೆಸ್ತಾರಲೇ?" ಅಂತಾರೆ. ಕೇಳ್ಬೇಕಾದ ಪ್ರಶ್ನೆನೇ ಅದು. ಮಳೆಗಾಲ ಮುಗಿದು ಸಮುದ್ರ ತಣ್ಣಗಾದ್ಮೇಲೆ, ನವೆಂಬರಿಂದ ಫೆಬ್ರವರಿ ತನಕ ಗೋವಾ-ಮಂಗಳೂರು ಮಧ್ಯೆ ಸಣ್ಣ ಹಾಯಿದೋಣಿಲಿ ಒಬ್ಬನೇ ಓಡಾಡ್ತೀನಿ, ಅಲ್ಲಿ ನನ್ನ ಇಡೀ ದಿನ ನಡೆಯೋದೇ ನಿದ್ದೆ ಲೆಕ್ಕದ ಮೇಲೆ.

ದಡದ ಹತ್ರ ಇದ್ರೆ ಬೋಟು ಓಡ್ತಿರೋವಾಗ ನಾನು ಮಲಗೋದೇ ಇಲ್ಲ. ಎಲ್ಲಿ ನೋಡಿದ್ರೂ ಬಲೆ, ಸಣ್ಣ ದೋಣಿ, ಎಷ್ಟೋ ದೋಣಿಗಳಲ್ಲಿ ಎಐಎಸ್ (ದೋಣಿ ಎಲ್ಲಿದೆ ಅಂತ ಸುತ್ತಲಿನ ಹಡಗುಗಳಿಗೆ ರೇಡಿಯೋದಲ್ಲಿ ತಿಳಿಸೋ ಸಾಧನ) ಇರಲ್ಲ, ಹಂಗಾಗಿ ನನ್ನ ಸ್ಕ್ರೀನಲ್ಲಿ ಅವು ಕಾಣಲ್ಲ. ಕತ್ತಲಾಗೋ ಮುಂಚೆನೇ ಲಂಗರು ಹಾಕ್ತೀನಿ, ನೀರಿನ ಆಳದ 5 ಪಟ್ಟು ಚೈನ್, ಗಾಳಿ ಜೋರಿದ್ರೆ 7 ಪಟ್ಟು, ಲಂಗರು ಜಾರಿದ್ರೆ ಎಬ್ಬಿಸೋಕೆ ಜಿಪಿಎಸ್ ಅಲಾರಂ.

ದೂರ ಹೋದ್ರೆ 20 ನಿಮಿಷದ ನಿದ್ದೆ. ಯಾಕೆ 20 ಅಂದ್ರೆ, 18 ನಾಟ್, ಅಂದ್ರೆ ಗಂಟೆಗೆ 18 ನಾಟಿಕಲ್ ಮೈಲಿ ಸ್ಪೀಡಲ್ಲಿ ಬರೋ ಹಡಗು ಅಷ್ಟರಲ್ಲಿ 6 ನಾಟಿಕಲ್ ಮೈಲಿ, ಅಂದ್ರೆ ಸುಮಾರು 11 ಕಿಲೋಮೀಟರ್ ಬಂದುಬಿಡುತ್ತೆ, ಈಗ ದೂರದಲ್ಲಿ ಚುಕ್ಕಿ ಥರ ಕಂಡಿದ್ದು ಎದ್ದು ನೋಡೋ ಹೊತ್ತಿಗೆ ಎದುರಿಗೇ ಇರುತ್ತೆ. ಅಲಾರಂ ಹೊಡೀತು, ಎದ್ದೆ, ಸುತ್ತಲೂ ಕಣ್ಣಾಡಿಸ್ದೆ, ಎಐಎಸ್, ದಿಕ್ಸೂಚಿ, ಹಾಯಿ ನೋಡ್ದೆ, ಮತ್ತೆ ಮಲಗ್ದೆ, ರಾತ್ರಿ ಪೂರ್ತಿ ಹಿಂಗೇ. ದಿಕ್ಸೂಚಿ ಯಾಕೆ ಅಂದ್ರೆ ಚುಕ್ಕಾಣಿ ಹಿಡಿಯೋದು ವಿಂಡ್‌ವೇನ್, ಗಾಳಿ ದಿಕ್ಕು ಹಿಡಿದು ಚುಕ್ಕಾಣಿ ತಿರುಗಿಸೋ ಪಟ್ಟಿ ಅದು, ಕರೆಂಟೇ ಬೇಡ ಅದಕ್ಕೆ, ತುಂಬ ಒಳ್ಳೇ ಸಾಧನ, ಆದ್ರೆ ಅದು ಗಾಳಿನ ನಂಬಿ ನಡೆಸುತ್ತೆ, ಗಾಳಿ ತಿರುಗಿದ್ರೆ ಬೋಟೂ ತಿರುಗುತ್ತೆ.

ಮಂಗಳೂರಿನ ಕಡೆ ಹೋಗೋದು ಸುಲಭ, ಮಧ್ಯಾಹ್ನದ ವಾಯವ್ಯದ ಗಾಳಿ ಹಿಂದಿಂದ ತಳ್ಳುತ್ತೆ. ವಾಪಸ್ ಬರೋವಾಗ ಅದೇ ಗಾಳಿ ಎದುರಿಗೆ, ಅದಕ್ಕೆ ರಾತ್ರಿ ದಡದ ಕಡೆಯಿಂದ ಬೀಸೋ ಗಾಳಿ ಹಿಡಿದು ಬರ್ತೀನಿ, ಅವತ್ತು ನಿದ್ದೆ ಏನಿದ್ರೂ ಹಗಲು, ಲಂಗರು ಹಾಕಿ.

ಹಾರ್ನೆಸ್, ಅಂದ್ರೆ ನೀರಿಗೆ ಬೀಳ್ದಂಗೆ ಮೈಗೆ ಕಟ್ಕಳೋ ಬೆಲ್ಟ್ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಒಬ್ಬನೇ ಇರೋನು ನೀರಿಗೆ ಬಿದ್ರೆ ಬೋಟು ತನ್ನ ಪಾಡಿಗೆ ಹೋಗ್ತಾನೇ ಇರುತ್ತೆ, ತಿರುಗಿಸೋರು ಯಾರಿದಾರೆ? ಎರಡು ಹೆಜ್ಜೆ ಮುಂದೆ ಹೋಗ್ಬೇಕಂದ್ರೂ ಹಗ್ಗಕ್ಕೆ ಕೊಕ್ಕೆ ಸಿಗಿಸ್ಕಂಡೇ ಹೋಗೋದು. ಸಂಜೆ ಗಾಳಿ ಕಮ್ಮಿ ಇದ್ರೂ ಹಾಯಿಗೆ ಒಂದು ರೀಫ್ ಹಾಕಿ ಚಿಕ್ಕದು ಮಾಡಿಟ್ಟಿರ್ತೀನಿ, ಸ್ವಲ್ಪ ನಿಧಾನ ಆಗ್ಲಿ, ಅರ್ಧ ನಿದ್ದೆಲಿ ಎದ್ದು ಕತ್ತಲಲ್ಲಿ ಹಾಯಿ ಜೊತೆ ಗುದ್ದಾಡೋದು ತಪ್ಪುತ್ತೆ.

ಅಡುಗೆ ಹಗಲು ಒಂದೇ ಸಲ, ಕುಕ್ಕರಲ್ಲಿ, ಅಲೆಗೆ ಬೋಟು ಓಲಾಡಿದ್ರೂ ಮುಚ್ಚಳ ಲಾಕ್ ಆಗಿರೋದ್ರಿಂದ ಚೆಲ್ಲಲ್ಲ. ಸ್ವಚ್ಛ ನೀರಿರೋ ಕಡೆ ಅನ್ನಕ್ಕೆ ನಾಲ್ಕರಲ್ಲಿ ಒಂದು ಪಾಲು ಸಮುದ್ರದ ನೀರೇ ಹಾಕ್ತೀನಿ, ಉಪ್ಪು ಬೇಕಾಗಲ್ಲ. ರಾತ್ರಿಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಊರಿಂದ ಮಂಡಕ್ಕಿ ತಗಂಡು ಹೋಗೇ ಹೋಗ್ತೀನಿ, ಸಮುದ್ರದ ಗಾಳಿಗೆ ಮೆತ್ತಗಾಗುತ್ತೆ, ಬಾಣಲೆಲಿ ಬೆಚ್ಚಗೆ ಮಾಡಿದ್ರೆ ಮತ್ತೆ ಗರಿಗರಿ. ಒಲೆ ಆರಿಸಿದ ತಕ್ಷಣ ಸಿಲಿಂಡರ್ ವಾಲ್ವ್ ಬಂದ್, ಗ್ಯಾಸು ಗಾಳಿಗಿಂತ ಭಾರ, ಲೀಕಾದ್ರೆ ಬೋಟಿನ ತಳದಲ್ಲಿ ಹೋಗಿ ಕೂತ್ಕಳುತ್ತೆ, ಒಂದು ಕಿಡಿ ಸಾಕು. ಆ ವಾಲ್ವ್ ಕೈಯಾರೆ ಮುಟ್ಟಿ ನೋಡ್ದೆ ನಾನು ಮಲಗಲ್ಲ.