ಕುಡಿಯೋಕೆ ಮುಂಚೆ ನಾನು ಹೇಗಿದ್ದೆ

ಚಿಂತಾಮಣಿಯಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. 19 ವರ್ಷದ ಕೆಲಸ, ಅದರಲ್ಲಿ 14 ವರ್ಷ ಕುಡಿತ. ನಡುವೆ ಒಂದು ಸಲ ಜಾರಿದ್ದು ಬಿಟ್ಟರೆ, ಈಗ ಒಂದು ವರ್ಷದ ಮೇಲೆ ಎರಡು ತಿಂಗಳಾಯ್ತು, ಮುಟ್ಟಿಲ್ಲ. ನನ್ನ ಕುಡಿತದ ಹಿಂದೆ ಇದ್ದದ್ದು ಎಡಿಎಚ್‌ಡಿ, ಅಂದರೆ ಚಿಕ್ಕಂದಿನಿಂದಲೇ ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ. ಅದಕ್ಕೆ ಔಷಧಿ ತಗೊಂಡು ಕುಡಿತ ಬಿಟ್ಟವನು ನಾನು. ಈ ದಾರಿ ನೋಡಿ ನಕ್ಕವರೇ ಜಾಸ್ತಿ, ಅದಕ್ಕೇ ಬರೆಯುತ್ತಿದ್ದೇನೆ. ಕೈ ನಡುಕ, ಕುಡಿತ ಬಿಟ್ಟವರ ಮೀಟಿಂಗ್, ಮೇಲೆ ಕುಡಿದರೆ ಮೈಗೆ ಆಗದ ಹಾಗೆ ಮಾಡೋ ಡೈಸಲ್ಫಿರಾಮ್ ಮಾತ್ರೆ, ಇವೆಲ್ಲ ಬಿಟ್ಟವರಿಗೆ ಗೊತ್ತೇ ಇದೆ. ಅದನ್ನು ಬಿಡಿಸಿ ಹೇಳಲ್ಲ.

ಮೊದಲು ದುಡ್ಡಿನ ಮಾತು. ದಿನಕ್ಕೆ ಸುಮಾರು 300 ರೂಪಾಯಿ ಕುಡಿತಕ್ಕೆ, 40 ತಂಬಾಕು ಪ್ಯಾಕೆಟ್‌ಗೆ. ಬಿಡಿಸೋಕೆ ಅಂತ ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದರು. ತಿಂಗಳಿಗೆ 12,000ದಂತೆ ಮೂರು ತಿಂಗಳು. ಗೇಟಿಗೆ ಬೀಗ, ಬೆಳಿಗ್ಗೆ ಭಜನೆ, ಮಧ್ಯಾಹ್ನ ಬೈಗುಳ. ಹೊರಗೆ ಬಂದ ಒಂಬತ್ತನೇ ದಿನಕ್ಕೆ ಮತ್ತೆ ಶುರು. ಆಮೇಲೆ ನನ್ನದೇ ಬುದ್ಧಿ ಉಪಯೋಗಿಸಿ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಿದೆ. ಮೂರನೇ ದಿನ ಫಿಟ್ಸ್ ಬಂದು ಅಂಗಡಿಯಲ್ಲೇ ಬಿದ್ದೆ. ನಾಲಿಗೆ ಕಚ್ಚಿಕೊಂಡಿದ್ದೆ. ಆಸ್ಪತ್ರೆ ಬಿಲ್ 22,000 ಇರಬೇಕು. ಡೈಸಲ್ಫಿರಾಮ್ ಕೊಟ್ಟಾಗ ಮಾತ್ರೆ ನುಂಗೋದನ್ನೇ ಮರೆಯುತ್ತಿದ್ದೆ. ನಾಟಕ ಅಂದರು. ನಿಜವಾಗಿ ಮರೆಯುತ್ತಿದ್ದೆ.

ಮುರುಗಮಲ್ಲದ ದರ್ಗಾಕ್ಕೂ ಹೋಗಿ ಬಂದೆವು. ಅಯ್ಯಪ್ಪ ಮಾಲೆ ಎರಡು ಸಲ ಹಾಕಿದೆ. ವಿಚಿತ್ರ ಏನು ಗೊತ್ತಾ, ಮಾಲೆ ಹಾಕಿದ 41 ದಿನ ಒಂದು ತೊಟ್ಟೂ ಬೇಕು ಅನ್ನಿಸಲಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ತಣ್ಣೀರು ಸ್ನಾನ, ಸಂಜೆ ದಿನಾ ಒಂದೇ ಹೊತ್ತಿಗೆ ಪೂಜೆ, ಸುತ್ತ ನಾಲ್ಕು ಜನ ಸ್ವಾಮಿಗಳು. ಮಾಲೆ ತೆಗೆದ ರಾತ್ರಿಯೇ ಕುಡಿದೆ. ಎಲ್ಲರೂ ಭಕ್ತಿ ಕಮ್ಮಿ ಅಂದರು. ನನಗೂ ಆಗ ಹೊಳೆಯಲಿಲ್ಲ.

ಹೊಳೆದಿದ್ದು ಒಂದು ಮೋಟರ್ ಸುಟ್ಟ ಮೇಲೆ. ಟೊಮೆಟೊ ಬೆಳೆಗಾರರೊಬ್ಬರ ಹತ್ತು ಹೆಚ್‌ಪಿ ಸಬ್‌ಮರ್ಸಿಬಲ್. 1,200 ಅಡಿ ಬೋರ್‌ವೆಲ್. ತಂತಿ ಎಳೆಯುವಾಗ, ತಂತಿ ಕೂರುವ ಒಂದು ಸಂದಿನಲ್ಲಿ, ಅಂದರೆ ಸ್ಲಾಟ್‌ನಲ್ಲಿ ಸುತ್ತು ತಪ್ಪಿಸಿದ್ದೆ. ಅವತ್ತು ಕುಡಿದಿರಲಿಲ್ಲ, ಬೆಳಿಗ್ಗೆ ಹನ್ನೊಂದು ಗಂಟೆ. ಎಣಿಸುತ್ತಾ ಇದ್ದೆ, ರಸ್ತೆಯಲ್ಲಿ ಒಂದು ಲಾರಿ ಹಾರ್ನ್ ಹೊಡೆಯಿತು, ಎಣಿಕೆ ಹೋಯ್ತು. ಮತ್ತೆ ಬಿಚ್ಚಲಿಲ್ಲ, ಅಂದಾಜಿಗೆ ಮುಗಿಸಿದೆ. ಮೂರೇ ದಿನಕ್ಕೆ ಸುಟ್ಟಿತು. ಎತ್ತಿ ಇಳಿಸೋ ಖರ್ಚು, ತಂತಿ, ಎಲ್ಲ ಸೇರಿ 20,000 ಹತ್ತಿರ ನನ್ನ ಕೈಯಿಂದ. ಕುಡಿದು ಮಾಡಿದ್ದಾನೆ ಅಂತ ಊರೆಲ್ಲ ಮಾತಾಯ್ತು. ಕುಡಿಯದೇ ಮಾಡಿದ್ದು ಅಂತ ಯಾರಿಗೆ ಹೇಳೋದು?

ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರಲ್ಲ, ಅವರ ಹತ್ತಿರ ಈ ಲಾರಿ ಕತೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. “ಕುಡಿಯೋಕೆ ಶುರು ಮಾಡೋ ಮುಂಚೆ ನೀವು ಹೇಗಿದ್ದಿರಿ?” ಅಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ನಿಮ್ಹಾನ್ಸ್‌ಗೆ ಚೀಟಿ ಬರೆದರು. 75 ಕಿಲೋಮೀಟರ್, ಬೆಳಗಿನ ಮೊದಲ ಬಸ್. ಅಮ್ಮನನ್ನೂ, ಹಳೇ ಮಾರ್ಕ್ಸ್ ಕಾರ್ಡನ್ನೂ ತರೋಕೆ ಹೇಳಿದ್ದರು. ಎಡಿಎಚ್‌ಡಿಗೆ ರಕ್ತ ಪರೀಕ್ಷೆ, ಸ್ಕ್ಯಾನ್ ಅಂತ ಏನೂ ಇಲ್ಲ. 12 ವರ್ಷದ ಒಳಗೇ ಲಕ್ಷಣ ಇತ್ತಾ ಅನ್ನೋದೇ ಮುಖ್ಯ. ನಾಲ್ಕನೇ ಕ್ಲಾಸಿನ ಕಾರ್ಡಿನಲ್ಲಿ ಮೇಷ್ಟ್ರು ನೀಲಿ ಶಾಯಿಯಲ್ಲಿ ಬರೆದಿದ್ದರು: ಜಾಣ, ಆದರೆ ಕೂತ ಕಡೆ ಕೂರುವುದಿಲ್ಲ. ಅಮ್ಮ ಶುರು ಮಾಡಿದರೆ ನಿಲ್ಲಿಸಲಿಲ್ಲ. ಕಳೆದ ಚಪ್ಪಲಿ, ಬಾವಿ ಕಟ್ಟೆ ಮೇಲಿಂದ ಹಾರಿದ್ದು, ಎಮ್ಮೆ ಬಿಟ್ಟು ಬಂದಿದ್ದು. ಡಾಕ್ಟರ್ ಬರೆದುಕೊಳ್ಳುತ್ತಲೇ ಇದ್ದರು.

ಆದರೂ ಅವತ್ತೇ ಹೌದು ಅನ್ನಲಿಲ್ಲ. ಬಿಟ್ಟ ಹೊಸದರಲ್ಲಿ ಎಲ್ಲರಿಗೂ ನಿದ್ದೆ ಇರಲ್ಲ, ಗಮನ ಇರಲ್ಲ. ಅದು ಇಳಿಯಬೇಕು ಅಂತ ಕೆಲವು ವಾರ ಕಾದರು. ಈ ಸಲ ಆಸ್ಪತ್ರೆಯಲ್ಲೇ ಮಲಗಿ, ಮಾತ್ರೆ ಇಟ್ಟುಕೊಂಡು ಬಿಟ್ಟಿದ್ದು. ಆಮೇಲೆ ಎಡಿಎಚ್‌ಡಿಯೇ ಅಂದರು. ಚಟ ಬಿಡಿಸಿಕೊಳ್ಳೋಕೆ ಬರುವ ನಾಲ್ಕೈದು ಜನರಲ್ಲಿ ಒಬ್ಬರಿಗೆ ಇದು ಇರುತ್ತದಂತೆ. ನಾನಿದ್ದ ಆ ಬೀಗದ ಕೇಂದ್ರದಲ್ಲಿ 30 ಜನ ಇದ್ದೆವು. ಲೆಕ್ಕ ನೀವೇ ಹಾಕಿ.

ಕರೆಂಟಿನ ಮೂರು ಫೇಸ್‌ನಲ್ಲಿ ಒಂದು ಇಲ್ಲದೆ ಸ್ಟಾರ್ಟ್ ಮಾಡಿದರೆ ಮೋಟರ್ ತಿರುಗಲ್ಲ, ನಿಂತಲ್ಲೇ ಗುಂಯ್ ಅಂತ ಬಿಸಿಯಾಗುತ್ತದಲ್ಲ? ಸಂಜೆ ಏಳಕ್ಕೆ ನನ್ನ ತಲೆ ಹಾಗೆ. ಒಂದು ನೈಂಟಿ ಬಿದ್ದರೆ ಆ ಸದ್ದು ನಿಲ್ಲುತ್ತಿತ್ತು. ಖುಷಿಗೆ ಕುಡಿದವನಲ್ಲ ನಾನು. ತಂಬಾಕೂ ಅಷ್ಟೇ, ತುಟಿಯೊಳಗೆ ಇಟ್ಟರೆ ಹತ್ತು ನಿಮಿಷ ಎಣಿಕೆ ನೆಟ್ಟಗಿರುತ್ತಿತ್ತು.

ಕುಡಿತದ ಇತಿಹಾಸ ನೋಡಿ, ದುರ್ಬಳಕೆ ಆಗಬಹುದು ಅಂತ ಮೀಥೈಲ್‌ಫೆನಿಡೇಟ್ ಬೇಡ ಅಂದರು, ಎಡಿಎಚ್‌ಡಿಗೇ ಇರುವ ಇನ್ನೊಂದು ಔಷಧಿ ಆಟೊಮಾಕ್ಸೆಟಿನ್ ಕೊಟ್ಟರು. ಬಿಪಿ, ಲಿವರ್ ಎಲ್ಲ ನೋಡಿದರು. ಡೋಸ್ ಬರೆಯಲ್ಲ, ನನ್ನದು ನಿಮಗೆ ಆಗಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಂತಿ ಬರೋ ಹಾಗಾಗುತ್ತಿತ್ತು, ಮುದ್ದೆ ಊಟ ಆದ ಮೇಲೆ ಸರಿಹೋಯ್ತು. ಒಂದು ತಿಂಗಳು ಏನೂ ಗೊತ್ತಾಗಲಿಲ್ಲ. ಭಾಮೈದ ಬಂದು, “ಏನ್ ಭಾವ, ಒಂದು ಚಟ ಬಿಡೋಕೆ ಇನ್ನೊಂದಾ?” ಅಂದ. ಮೀಟಿಂಗ್‌ನಲ್ಲಿ ಹಿರಿಯಣ್ಣ ಒಬ್ಬರು ಮನಸ್ಸು ಗಟ್ಟಿ ಇದ್ದರೆ ಮಾತ್ರೆ ಯಾಕಪ್ಪಾ ಅಂದರು. ಐದನೇ ವಾರ ಇರಬೇಕು, ಒಂದು ಸ್ಟೇಟರ್ (ಮೋಟರಿನಲ್ಲಿ ತಂತಿ ಸುತ್ತುವ ಭಾಗ) ಕೂತು ಮುಗಿಸಿದೆ. 24 ಸ್ಲಾಟ್. ಮಧ್ಯೆ ಫೋನ್ ಬಂತು, ಮಾತಾಡಿದೆ, ಎಣಿಕೆ ಅಲ್ಲೇ ಇತ್ತು. ಹೆಂಡತಿಗೆ ಹೇಳೋಕೆ ಅಂಗಡಿ ಬಿಟ್ಟು ಮನೆಗೆ ಹೋದೆ, ಬಾಗಿಲು ಹಾಕೋದು ಮರೆತು.

ಮಾತ್ರೆಯೊಂದೇ ಸಾಲಲ್ಲ. ಆಗ ಮಾಲೆಯ ದಿನಗಳು ನೆನಪಾದವು. ಮಾಲೆ ಇಲ್ಲದೆ ಮಾಲೆಯ ದಿನಚರಿ ಇಟ್ಟುಕೊಂಡೆ. ಸಂಜೆ ನಾಲ್ಕು ಗಂಟೆಗೆ ಹೊಟ್ಟೆಗೆ ತಿಂಡಿ ಬೀಳಲೇಬೇಕು, ಏಳಕ್ಕೆ ಮಗನ ಜೊತೆ ಮಾರ್ಕೆಟ್ ಕಡೆ ನಡಿಗೆ. ಮೋಟರ್ ಕೊಡುವ ಹೊತ್ತಿಗೆ ಕೈಗೆ ನೋಟು ಬಂದರೆ ಕಾಲು ವೈನ್ಸ್ ಕಡೆ ತಿರುಗುತ್ತಿತ್ತು. ಈಗ ಕ್ಯೂಆರ್ ಕೋಡ್ ಹೆಂಡತಿ ಅಕೌಂಟಿನದು. ಮೊದಲ ತಿಂಗಳು ಗಿರಾಕಿಗಳು ನಕ್ಕರು, ಈಗ ಅವಳಿಗೇ ಫೋನ್ ಮಾಡಿ ರೇಟ್ ಚೌಕಾಸಿ ಮಾಡುತ್ತಾರೆ.

ಸುಮ್ನೆ ಮಾಡಿದ ಪ್ರಯೋಗಗಳೂ ಇವೆ. ಕಾಫಿ ದಿನಕ್ಕೆ ಎಂಟು ಲೋಟ ಕುಡಿದೆ, ಕೈ ನಡುಗಿ ತಂತಿ ಮೇಲಿನ ಪ್ಲಾಸ್ಟಿಕ್ ಕಿತ್ತು ಬಂತು. ಫೋನಿನಲ್ಲಿ 11 ಅಲಾರಂ ಇಟ್ಟೆ, ನೋಡದೇ ಆರಿಸೋದನ್ನು ಬೆರಳು ಕಲಿತುಬಿಟ್ಟಿತು. ತಂಬಾಕಿನ ಜಾಗಕ್ಕೆ ಹುರಿದ ಕಡಲೆಕಾಯಿ, ಇದು ಅರ್ಧ ಕೆಲಸ ಮಾಡಿದೆ. ಎಂಟು ಪ್ಯಾಕೆಟ್ ಇದ್ದದ್ದು ಎರಡಕ್ಕೆ ಬಂದಿದೆ, ಪೂರ್ತಿ ಹೋಗಿಲ್ಲ. ಸ್ಲಾಟಿಗೊಂದು ಹುಣಸೆ ಬೀಜ ಡಬ್ಬಿಗೆ ಹಾಕೋದು ಚೆನ್ನಾಗಿ ನಡೆಯಿತು. ಸುತ್ತು ಎಣಿಸೋಕೆ ಇದಕ್ಕಿಂತ ಒಳ್ಳೇ ಉಪಾಯ ಒಂದಿದೆ. ಪಕ್ಕದ ಬೀದಿಯ ವೈಂಡಿಂಗ್‌ನವನೂ ಇದನ್ನು ಓದುತ್ತಾನೆ, ಅದಕ್ಕೆ ಬರೆಯಲ್ಲ.

ಜಾರಿದ್ದು ನಾಲ್ಕನೇ ತಿಂಗಳು, ಒಂದು ಬೀಗರ ಊಟದಲ್ಲಿ. ಮಾತ್ರೆ ತೀರಿ ಐದು ದಿನ ಆಗಿತ್ತು, ತರೋಕೆ ಮರೆತಿದ್ದೆ. ಎರಡು ಪೆಗ್. ಮಾರನೇ ದಿನ ನಾನೇ ಡಾಕ್ಟರಿಗೆ ಹೇಳಿದೆ. ಅವರು ಬೈಯಲಿಲ್ಲ, ಮಾತ್ರೆ ತೀರೋ ಮುಂಚೆ ತರೋ ಜವಾಬ್ದಾರಿ ಯಾರದು ಅಂತ ಕೇಳಿದರು. ಈಗ ಹೆಂಡತಿಯದು. ಮಾತ್ರೆ, ಬಸ್ಸು ಸೇರಿ ತಿಂಗಳಿಗೆ ಒಂದೂವರೆ ಸಾವಿರದ ಒಳಗೇ ಆಗುತ್ತದೆ. ಮೊದಲು ಕುಡಿತಕ್ಕೇ 9,000 ಹೋಗುತ್ತಿತ್ತು.

ಮಗನಿಗೆ ಒಂಬತ್ತು. ಅವನ ಟೀಚರೂ ಮೊನ್ನೆ ಕರೆಸಿ, ಕೂತ ಕಡೆ ಕೂರಲ್ಲ ಅಂದರು. ಇದು ವಂಶದಲ್ಲಿ ಬರುತ್ತದೆ. ಚಿಕ್ಕವರಿಗೆ ಔಷಧಿ ಕೊಟ್ಟರೆ ಮುಂದೆ ಚಟ ಹತ್ತುತ್ತೆ ಅನ್ನೋ ಭಯ ಅಮ್ಮನಿಗೆ. ಸಂಶೋಧನೆಗಳಲ್ಲಿ ಹಾಗೆ ಕಂಡುಬಂದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಮುಂದಿನ ತಿಂಗಳು ಅವನನ್ನು ಕರೆದುಕೊಂಡು ಹೋಗುತ್ತೇನೆ. ಅವನು ಹೇಗಿದ್ದ ಅಂತ ಈ ಸಲ ಅಮ್ಮ ಬಂದು ಹೇಳಬೇಕಾಗಿಲ್ಲ, ನನಗೇ ಗೊತ್ತು.